ತೀರ್ಪುಗಾರ್ತಿಯ ಕೈಗೆ ಎಲೆ ಬಂದ ಭಾನುವಾರ

ಇಸ್ಪೀಟ್ ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು. ಮುಖ್ಯರಸ್ತೆಯ ತಿರುವಿನಲ್ಲಿ ಅವಳದೊಂದು ಕನ್ನಡಕದ ಅಂಗಡಿಯಿತ್ತು. ವಾರವಿಡೀ ಗಾಜು ಉಜ್ಜಿ, ಸಡಿಲವಾದ ಕಡ್ಡಿ ಬಿಗಿಮಾಡಿ, ಬಂದವರ ಮೂಗಿನ ಮೇಲೆ ಕನ್ನಡಕ ಸರಿಯಾಗಿ ಕೂರಿಸುವುದು ಅವಳ ಕೆಲಸ. ಭಾನುವಾರ ಬಂತೆಂದರೆ ಮಂಚ ಕುರ್ಚಿ ಮಾರುವ ಅಂಗಡಿಯ ಮೇಲಿನ ಹಾಲಿಗೆ ಹೋಗಿ, ತೀರ್ಪುಗಾರ್ತಿ ಎಂಬ ನೀಲಿ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಳ್ಳುತ್ತಿದ್ದಳು. ಅಂಥದೇ ಇನ್ನೊಂದು ಬಿಲ್ಲೆ ಅವಳ ಅಕ್ಕನ ಗಂಡನ ಎದೆಯ ಮೇಲಿರುತ್ತಿತ್ತು. ಭಾವ ಲಿಫ್ಟ್ ರಿಪೇರಿ ಮಾಡುವವರು.

ಇವರಿಬ್ಬರೇ ಯಾಕೆ ತೀರ್ಪುಗಾರರಾದರು ಎಂದರೆ ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಕ್ಲಬ್ಬು ಶುರುವಾದ ಹೊಸತರಲ್ಲಿ ಎಲ್ಲರೂ ಆಡಲು ಮುನ್ನುಗ್ಗಿದರು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಇವರಿಗೆ ನಿಯಮ ಗೊತ್ತಿತ್ತು, ಸಿಟ್ಟು ಬೇಗ ಬರುತ್ತಿರಲಿಲ್ಲ. ‘ಈ ಸಲ ಒಂದು ನಿಂತುಕೊಳ್ಳಿ’ ಎಂದರು. ಆ ‘ಈ ಸಲ ಒಂದು’ ವರ್ಷಗಟ್ಟಲೆ ನಡೆಯಿತು.

ಪ್ರತಿ ಭಾನುವಾರ ಜೋಡಿಗಳ ನಡುವೆ ಪಂದ್ಯ, ಗೆದ್ದ ಜೋಡಿಗೆ ಒಂದು ಕಪ್. ಆಟ ತುರುಫಿನದು. ಎದುರುಬದುರು ಕೂತವರು ಜೊತೆಗಾರರು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಕೈ. ಹೆಚ್ಚು ಕೈ ಹಿಡಿದ ಜೋಡಿ ಗೆದ್ದಂತೆ. ಮೊದಲು ಹಾಕಿದ ಎಲೆಯ ಬಣ್ಣ, ಆಟೀನೋ ಕಳಾವರೋ ಡೈಮಂಡೋ, ನಿಮ್ಮಲ್ಲಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಮಾತ್ರ ತುರುಫು, ಅಂದರೆ ಆ ಆಟದಲ್ಲಿ ಉಳಿದೆಲ್ಲವನ್ನೂ ಸೋಲಿಸುವ ಬಣ್ಣ, ಹೊಡೆಯಬಹುದು. ಕನ್ನಡಕದಮ್ಮನಿಗೆ ಈ ಆಟವೆಂದರೆ ಪ್ರಾಣ. ಅಪ್ಪ ಬದುಕಿರುವ ತನಕ ಅಪ್ಪ, ಅಕ್ಕ, ಭಾವ, ಅವಳು ಪ್ರತಿ ಭಾನುವಾರ ಮಧ್ಯಾಹ್ನ ಆಡುತ್ತಿದ್ದರು. ಈಗ ಅದೇ ಭಾನುವಾರ ಮಧ್ಯಾಹ್ನ ಬೇರೆಯವರ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲಬೇಕು. ಎಲೆ ಕಲೆಸುವ ಸದ್ದು ಕೇಳಿದರೆ ಬೆರಳು ತಾವಾಗಿಯೇ ಆಡುತ್ತಿದ್ದವು. ಯಾರಾದರೂ ಒಳ್ಳೆಯ ಎಲೆಯನ್ನು ಹಾಳುಮಾಡಲು ಹೊರಟರೆ ನಾಲಿಗೆ ಕಚ್ಚಿಕೊಂಡು ಸೂರು ನೋಡುತ್ತಿದ್ದಳು. ತೀರ್ಪುಗಾರ್ತಿಯ ಮುಖ ಗೋಡೆಯ ಹಾಗಿರಬೇಕು, ಅದರ ಮೇಲೆ ಏನೂ ಬರೆದಿರಬಾರದು.

ಆ ಗೋಡೆ ಒಂದು ದಿನ ಬಿದ್ದೇಹೋಯಿತು.

ಬಿದ್ದದ್ದು ತಕರಾರು ಮಾಮನ ಮೇಜಿನ ಬಳಿ. ಅಂಚೆ ಕಚೇರಿಯಿಂದ ನಿವೃತ್ತರಾದ ಈ ಹಿರಿಯರಿಗೆ ತಕರಾರಿಲ್ಲದ ಆಟ ಉಪ್ಪಿಲ್ಲದ ಊಟದಂತೆ. ಕೂತ ಕುರ್ಚಿಯಿಂದ ಹಿಡಿದು ಬಿದ್ದ ಎಲೆಯ ತನಕ ಎಲ್ಲಕ್ಕೂ ಅವರದೊಂದು ಆಕ್ಷೇಪಣೆ ಇದ್ದೇ ಇರುತ್ತಿತ್ತು. ಅವತ್ತು ಎದುರಾಳಿ ಆಟೀನ್ ಹಾಕಿದ್ದ, ಮಾಮನ ಜೊತೆಗಾರ ಆಟೀನ್ ಎಕ್ಕ ಹಾಕಿ ಕೈ ಹಿಡಿದಾಗಿತ್ತು. ಕೊನೆಯ ಎಲೆ ಮಾಮನದು. ಯಾವ ಸಣ್ಣ ಎಲೆ ಹಾಕಿದ್ದರೂ ನಡೆಯುತ್ತಿತ್ತು. ಮಾಮ ಮಾತ್ರ ಬಹಳ ಗಾಂಭೀರ್ಯದಿಂದ ಆಟೀನ್ ರಾಣಿಯನ್ನು ಎಳೆಯತೊಡಗಿದರು.

“ಅಯ್ಯೋ, ರಾಣಿ ಯಾಕೆ ಮಾಮ!”

ಹಾಲಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಹಾಗೆ ಕೂಗಿದವಳು ತಾನೇ ಎಂದು ಕನ್ನಡಕದಮ್ಮನಿಗೆ ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು.

“ಜಡ್ಜೇ ಹೇಳಿಕೊಟ್ರೆ ನಾವ್ ಎಲ್ಲಿಗೆ ಹೋಗೋಣ?” ಎಂದು ಎದುರಾಳಿಗಳು ಎದ್ದು ನಿಂತರು.

“ಹೇಳಿಕೊಟ್ಟಿದ್ದಾ? ನನ್ನ ಮಾನ ಕಳೆದಿದ್ದು!” ಎಂದು ಮಾಮ ಅವರಿಗಿಂತ ಜೋರಾಗಿ ಕೂಗಿದರು. “ನನ್ನ ಹತ್ರ ರಾಣಿ ಇದೆ ಅಂತ ಈಗ ಕೆಳಗಿನ ಅಂಗಡಿಯವರಿಗೂ ಗೊತ್ತಾಯ್ತು! ಇದಕ್ಕೇನ್ ತೀರ್ಪು? ಕೊಡಿ, ಈಗ ಕೊಡಿ!”

ತೀರ್ಪುಗಾರರೇ ತಪ್ಪು ಮಾಡಿದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಭಾವ ಬಂದು ಎಲೆಗಳನ್ನೆಲ್ಲ ಒಟ್ಟುಮಾಡಿ, ಹೊಸದಾಗಿ ಹಂಚಲು ಹೇಳಿ, ನಾದಿನಿಯ ತೋಳು ಹಿಡಿದು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದರು. ಅಲ್ಲಿ ಇಬ್ಬರೂ ಒಂದೊಂದು ಲೋಟ ಚಹಾ ಹಿಡಿದು ಕೂತರು.

“ಭಾವ, ಇನ್ನು ನನ್ನಿಂದ ಆಗಲ್ಲ. ಆಡೋರನ್ನ ನೋಡಿ ನೋಡಿ ನನ್ನ ಹೊಟ್ಟೆ ಉರೀತಿದೆ. ನಾನೂ ಆಡ್ಬೇಕು.”

ಬೈಯುತ್ತಾರೆಂದು ಅವಳು ಕಾದಳು. ಭಾವ ಚಹಾ ಊದುತ್ತ ಕೂತರು.

“ಮೊನ್ನೆ ಒಂದು ಆಸ್ಪತ್ರೆ ಲಿಫ್ಟ್ ರಿಪೇರಿ ಮಾಡ್ತಿದ್ದೆ” ಎಂದರು ಆಮೇಲೆ. “ಕೈಯಲ್ಲಿ ಸ್ಕ್ರೂಡ್ರೈವರು, ತಲೆಯಲ್ಲಿ ಒಂದು ಆಟ. ಒಳ್ಳೇ ಆಟ ಕಣಮ್ಮ, ಎಕ್ಕ ರಾಜ ಎಲ್ಲ ನನ್ನ ಹತ್ರಾನೇ. ಅಷ್ಟರಲ್ಲಿ ಡಾಕ್ಟರೊಬ್ರು ಒಳಗೆ ಬಂದು ಸರಿಹೋಯ್ತಾ ಅಂದ್ರು. ನಾನು ‘ತುರುಫು ಕಳಾವರ್’ ಅಂದುಬಿಟ್ಟೆ. ಪಾಪ, ಅದು ಯಾವ ಮಹಡಿ ಅಂತ ಕೇಳಿದ್ರು.”

ಕನ್ನಡಕದಮ್ಮನಿಗೆ ಚಹಾ ನೆತ್ತಿಗೇರಿತು. ನಗು ನಿಂತ ಮೇಲೆ ಇಬ್ಬರೂ ಸೀದಾ ಅಧ್ಯಕ್ಷೆಯ ಬಳಿಗೆ ಹೋದರು.

ಅಧ್ಯಕ್ಷೆ ಬೇಕರಿ ನಡೆಸುವವಳು, ಅಕ್ಕನ ಆಪ್ತ ಗೆಳತಿ. ಪಂದ್ಯದಲ್ಲಿ ಅಕ್ಕನ ಜೊತೆಗಾರ್ತಿಯೂ ಅವಳೇ. ವಿಷಯ ಕೇಳಿ ಅವಳು ತಲೆಯ ಮೇಲೆ ಕೈ ಹೊತ್ತುಕೊಂಡಳು.

“ನೀವಿಬ್ರೂ ಆಡೋಕೆ ಕೂತ್ರೆ ನೋಡ್ಕೊಳ್ಳೋರು ಯಾರ್ರೀ?”

“ಯಾರಾದ್ರೂ ನೋಡ್ಕೊಳ್ಳಿ. ನಾವು ಇಷ್ಟು ವರ್ಷ ನೋಡ್ಲಿಲ್ವಾ?” ಎಂದಳು ಕನ್ನಡಕದಮ್ಮ.

ಅಧ್ಯಕ್ಷೆ ಎದ್ದು ನಿಂತು ಹಾಲಿನಲ್ಲೇ ಎಲ್ಲರನ್ನೂ ಕೇಳಿದಳು. ಒಬ್ಬರು ಶೂ ಲೇಸು ಕಟ್ಟಿಕೊಂಡರು, ಒಬ್ಬರಿಗೆ ಫೋನ್ ಬಂತು, ಉಳಿದವರು ಕಿಟಕಿಯಾಚೆ ಏನೋ ವಿಶೇಷ ಕಂಡವರಂತೆ ಕತ್ತು ತಿರುಗಿಸಿದರು. ಅಕ್ಕ ಮಾತ್ರ ಗಂಡನನ್ನೂ ತಂಗಿಯನ್ನೂ ದಿಟ್ಟಿಸಿ, “ಬನ್ನಿ, ಆಡಿ, ಯಾರು ಬೇಡ ಅಂದ್ರು? ಸೋತು ಮನೆಗೆ ಬಂದು ಮುಖ ಊದಿಸ್ಕೊಂಡು ಕೂರ್ಬೇಡಿ ಅಷ್ಟೇ” ಎಂದಳು. ಅವಳು ಆಸ್ಪತ್ರೆಯಲ್ಲಿ ದೊಡ್ಡ ನರ್ಸು. ಇಂಜೆಕ್ಷನ್ ಕೊಡುವಾಗಲೂ ಇದೇ ದನಿ.

ಮುಂದಿನ ಭಾನುವಾರ ಕನ್ನಡಕದಮ್ಮನೂ ಭಾವನೂ ಬಂದು ಎರಡೂ ಬಿಲ್ಲೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು, ‘ಬೇಕಾದವರು ಹಾಕಿಕೊಳ್ಳಿ’ ಎಂದು ಹೇಳಿ, ಮೂಲೆಯ ಮೇಜಿನಲ್ಲಿ ಎದುರುಬದುರು ಕೂತೇಬಿಟ್ಟರು. ಬಿಲ್ಲೆಗಳನ್ನು ಯಾರೂ ಮುಟ್ಟಲಿಲ್ಲ. ಆಟ ಶುರುವಾಯಿತು.

ಕನ್ನಡಕದಮ್ಮ ಹಂಚಿದ ಎಲೆಗಳನ್ನು ಎತ್ತಿಕೊಂಡಳು. ಕೂದಲೆಳೆಯಂಥ ತಿರುಪನ್ನು ಕಣ್ಣು ಮಿಟುಕಿಸದೆ ಬಿಗಿಮಾಡುವ ಬೆರಳುಗಳು ಹದಿಮೂರು ಎಲೆ ಹರಡಿ ಹಿಡಿಯಲು ಒದ್ದಾಡಿದವು. ಎರಡು ಎಲೆ ಜಾರಿ ಮಡಿಲಿಗೆ ಬಿದ್ದವು. ಭಾವ ತಮ್ಮ ಎಲೆಗಳ ಮರೆಯಲ್ಲಿ ಹಲ್ಲು ಕಿರಿಯುತ್ತಿದ್ದರು. ಅವಳು ಮೊದಲ ಕೈ ಹಿಡಿದಾಗ, ಆ ನಾಲ್ಕು ಎಲೆಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ, ಮೇಜಿನ ಹಸಿರು ಬಟ್ಟೆಯ ಮೇಲೆ ಅವು ಸರಿದ ಸದ್ದಿಗೆ ಅವಳ ಮೈ ಜುಮ್ಮೆಂದಿತು.

“ಜಡ್ಜ್!”

ಯಾರೋ ಕೂಗಿದ್ದೇ ತಡ, ಅವಳು ಧಡಕ್ಕನೆ ಎದ್ದು ನಿಂತಳು.

“ಕೂತ್ಕೋ” ಎಂದರು ಭಾವ. “ನಿನ್ನನ್ನಲ್ಲ.”

ಕೂತಳು. ಇನ್ನೊಂದು ಮೇಜಿನಿಂದ ಮತ್ತೆ ಕೂಗು. ಮತ್ತೆ ಎದ್ದಳು, ಮತ್ತೆ ಕೂತಳು. ಮೂರನೆಯ ಸಲ ಕೂಗು ಕೇಳಿದಾಗ ಎದ್ದವರು ಭಾವ. ಈ ಸಲ ಅವಳು ಅವರ ಅಂಗಿ ಹಿಡಿದು ಕೂರಿಸಿದಳು. ಹಾಲು ಸಂತೆಯಂತಾಗುತ್ತ ಬಂತು. ಒಂದು ಮೇಜಿನಲ್ಲಿ ಒಂದು ಎಲೆ ಕಡಿಮೆ, ಇನ್ನೊಂದರಲ್ಲಿ ಹಂಚುವ ಸರದಿ ಯಾರದೆಂದು ಜಗಳ. ಎಲ್ಲರ ಕಣ್ಣೂ ಮೂಲೆಯ ಮೇಜಿನ ಕಡೆಗೆ. ಕನ್ನಡಕದಮ್ಮ ತನ್ನ ಎಲೆಗಳಲ್ಲಿ ಮುಖ ಹುದುಗಿಸಿ, “ನಾನು ಆಡ್ತಿದೀನಪ್ಪ, ನನಗೇನೂ ಗೊತ್ತಿಲ್ಲ” ಎಂದಳು.

ತಕರಾರು ಮಾಮನ ಜೊತೆಗಾರ ಅವತ್ತು ಬೆನ್ನು ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದ. ಜೊತೆಯಿಲ್ಲದೆ ಆಡುವಂತಿರಲಿಲ್ಲ. ಮನೆಗೆ ಹೋಗಲೂ ಮನಸ್ಸು ಬಾರದೆ ಮಾಮ ಮೇಜಿನಿಂದ ಮೇಜಿಗೆ ಸುತ್ತುತ್ತಿದ್ದರು. ಹಂಚುವ ಸರದಿಯ ಜಗಳದ ಹತ್ತಿರ ಬಂದಾಗ ಅವರಿಗೆ ತಡೆಯಲಾಗಲಿಲ್ಲ.

“ತಪ್ಪು! ಹೋದ ಸಲ ಹಂಚಿದೋರ ಎಡಗಡೆಯೋರು ಹಂಚ್ಬೇಕು. ಇಷ್ಟೂ ಗೊತ್ತಿಲ್ದೆ ಆಡೋಕೆ ಬರ್ತೀರಲ್ಲ!”

“ನೀವ್ಯಾರು ಹೇಳೋಕೆ?” ಎಂದಳು ಆ ಮೇಜಿನ ಹೆಂಗಸು. “ಬಿಲ್ಲೆ ಹಾಕ್ಕೊಂಡು ಹೇಳಿ, ಕೇಳ್ತೀವಿ.”

ಮಾಮ ಬಾಗಿಲ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು. ಯಾರೋ ಬಲವಂತ ಮಾಡಿದ್ದಾರೆಂಬ ಮುಖ ಹೊತ್ತು ಹೋಗಿ ಬಿಲ್ಲೆ ಚುಚ್ಚಿಕೊಂಡು ಬಂದರು.

ವರ್ಷಗಟ್ಟಲೆ ಒಂದೊಂದು ನಿಯಮದ ಮೇಲೂ ಜಗಳವಾಡಿದ್ದರಿಂದ ಅವರಿಗೆ ಎಲ್ಲವೂ ಬಾಯಿಪಾಠ. ಸೊಂಟದ ಮೇಲೆ ಕೈಯಿಟ್ಟು ಒಂದೊಂದೇ ಮೇಜನ್ನು ತಣ್ಣಗೆ ಮಾಡಿದರು. ಯಾರಾದರೂ ಎದುರು ಮಾತಾಡಿದರೆ, “ತಕರಾರು ಮಾಡ್ಬಾರ್ದು” ಎನ್ನುವರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮನೂ ಕೊನೆಗೆ ಮೀಸೆಯಡಿಯಲ್ಲಿ ನಕ್ಕರು.

ಎರಡನೆಯ ಸುತ್ತಿನಲ್ಲಿ ಕನ್ನಡಕದಮ್ಮನಿಗೂ ಭಾವನಿಗೂ ಎದುರಾಳಿಗಳಾಗಿ ಬಂದು ಕೂತವರು ಅಕ್ಕ ಮತ್ತು ಅಧ್ಯಕ್ಷೆ. ತುರುಫು ಕಳಾವರ್. ಅಕ್ಕ ಆಟೀನ್ ರಾಜ ಇಳಿಸಿದಳು. ಕನ್ನಡಕದಮ್ಮ ತನ್ನ ಎಲೆಗಳನ್ನು ಒಮ್ಮೆ ನೋಡಿದಳು, ಆಟೀನ್ ಕಾಣಲಿಲ್ಲ. ಖುಷಿಗೆ ಕುರ್ಚಿಯಲ್ಲೇ ಕುಪ್ಪಳಿಸಿ ಕಳಾವರ್ ಹೊಡೆದಳು.

“ತುರುಫು! ಹೋಯ್ತು ನಿನ್ನ ರಾಜ!”

“ಹೋಗ್ಲಿ ಬಿಡು” ಎಂದಳು ಅಕ್ಕ. ಅಷ್ಟು ಶಾಂತವಾಗಿ ಹೇಳಿದ್ದೇ ಅಪಾಯದ ಗುರುತೆಂದು ಭಾವನಿಗೆ ಹೊಳೆಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ಆಟೀನ್ ಬಂತು. ಕನ್ನಡಕದಮ್ಮ ಯಾವ ಯೋಚನೆಯೂ ಇಲ್ಲದೆ ಆಟೀನ್ ಏಳು ಹಾಕಿದಳು. ಹಾಕಿದ ಮೇಲೆ ಅದನ್ನೇ ನೋಡುತ್ತ ಕೂತಳು.

“ಇದೆಲ್ಲಿತ್ತೇ ಆಗ?” ಎಂದಳು ಅಕ್ಕ. “ಮಾಮ! ಬನ್ನಿ ಇಲ್ಲಿ!”

ಮಾಮ ಬಂದರು. ಹಾಲಿನ ಅರ್ಧಕ್ಕರ್ಧ ಜನವೂ ಅವರ ಹಿಂದೆ ಬಂದಿತು.

“ಅದು ಡೈಮಂಡಿನ ಹಿಂದೆ ಅಂಟ್ಕೊಂಡಿತ್ತು ಮಾಮ, ಆಣೆಗೂ ಕಾಣ್ಲಿಲ್ಲ” ಎಂದು ಕನ್ನಡಕದಮ್ಮ ವಾದ ಶುರುಮಾಡಿದಳು. “ಹೊಸ ಎಲೆ ನೋಡಿ, ಎಷ್ಟು ಜಾರುತ್ತೆ. ಬೇಕು ಅಂತ ಮಾಡಿದ್ರೆ ತಪ್ಪು, ಗೊತ್ತಿಲ್ದೆ ಆದ್ರೆ ಹೇಗೆ ತಪ್ಪಾಗುತ್ತೆ? ಭಾವ, ಹೇಳಿ ನೀವು!” ಭಾವ ಸೂರು ನೋಡುತ್ತಿದ್ದರು.

ಮಾಮ ಅವಳಿಗೆ ಪೂರ್ತಿ ಹೇಳಲು ಬಿಟ್ಟರು. ಆಮೇಲೆ ಬಾಗಿ, ಬಹಳ ಮೃದುವಾಗಿ ಕೇಳಿದರು.

“ಏನಮ್ಮ, ಹೋದ ವರ್ಷ ನನ್ನ ಎಲೆ ಅಂಟ್ಕೊಂಡಾಗ ಇದೇ ಮಾತು ನಾನು ಹೇಳಿದ್ದೆ. ಆಗ ನೀನೇನಂದೆ?”

ಅವಳು ಆಟೀನ್ ಏಳನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಎಲೆ ಬಿಡಿಸಿ ನೋಡೋದು ಆಡೋರ ಕೆಲಸ, ಅಂದೆ” ಎಂದಳು ಸಣ್ಣ ದನಿಯಲ್ಲಿ.

“ಹಾಗಾದ್ರೆ ದಂಡ, ಎರಡು ಕೈ ಅವರಿಗೆ. ಇನ್ನೊಂದು ವಿಷಯ, ನಿನ್ನ ಅಂಗಡೀಲಿ ಒಳ್ಳೇ ಕನ್ನಡಕ ಇದ್ರೆ ಒಂದು ಹಾಕ್ಕೊಂಡು ಬಾ.”

ನಗು ಅಲೆಯಂತೆ ಹಾಲನ್ನೆಲ್ಲ ಸುತ್ತಿ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕನ್ನಡಕದಮ್ಮನೇ. ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಇಷ್ಟು ವರ್ಷ ತನ್ನ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದವರಿಗೆ ಏನಾಗುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು. ತಪ್ಪು ತನ್ನದೆಂದು ಗೊತ್ತಿದ್ದೂ ವಾದಿಸುವುದರಲ್ಲಿ ಎಂಥ ಸುಖವಿತ್ತು!

ಆ ಆಟವನ್ನು ಅವಳೂ ಭಾವನೂ ಹೀನಾಯವಾಗಿ ಸೋತರು. ಅದರ ಮುಂದಿನದನ್ನೂ ಸೋತರು. ಗೆಲ್ಲುವವರ ಸಾಲಿನಿಂದ ಜಾರಿ, ಕೊನೆಯ ಸ್ಥಾನ ಯಾರಿಗೆಂದು ತೀರ್ಮಾನಿಸುವ ಮೇಜಿಗೆ ಬಂದು ಕೂತರು. ಎದುರಾಳಿಗಳು ಹೊಸದಾಗಿ ಸೇರಿದ ಬ್ಯಾಂಕಿನ ಇಬ್ಬರು ಗೆಳೆಯರು. ಎರಡೂ ಕಡೆ ಆರಾರು ಕೈ ಆಗಿತ್ತು, ಉಳಿದದ್ದು ಒಂದೇ. ತುರುಫೆಲ್ಲ ಖಾಲಿಯಾಯಿತೆಂದು ಲೆಕ್ಕಹಾಕಿದ್ದ ಬ್ಯಾಂಕಿನವನು ಡೈಮಂಡ್ ಎಕ್ಕವನ್ನು ಮೇಜಿನ ಮೇಲೆ ಟಪ್ಪನೆ ಬಡಿದು ಒರಗಿ ಕೂತ. ಕನ್ನಡಕದಮ್ಮ ತನ್ನ ಕಡೆಯ ಎಲೆಯನ್ನು ಮೆಲ್ಲಗೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಂತೆ, ಕೆಳಗಿಟ್ಟಳು. ಕಳಾವರ್ ಎರಡು. ಇಡೀ ಕಟ್ಟಿನಲ್ಲಿ ಅದಕ್ಕಿಂತ ಬಡಪಾಯಿ ತುರುಫು ಇನ್ನೊಂದಿಲ್ಲ.

ಭಾವ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಎರಡೂ ಕೈ ಮೇಲೆತ್ತಿದರು. ಯಾರೋ ಪಂದ್ಯವನ್ನೇ ಗೆದ್ದರೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಪಂದ್ಯ ಗೆದ್ದ ಅಕ್ಕ ಆ ಮೂಲೆಯಿಂದ, “ಕೊನೆಯಿಂದ ಎರಡನೇ ಜಾಗಕ್ಕೆ ಇಷ್ಟು ಕುಣಿಯೋರನ್ನ ನಾನು ನೋಡೇ ಇಲ್ಲ” ಎಂದಳು. ಆದರೂ ಬಂದು ತಂಗಿಯ ಕೆನ್ನೆ ಹಿಂಡಿದಳು.

ಎಲ್ಲ ಮುಗಿದ ಮೇಲೆ ಮಾಮ ಬಿಲ್ಲೆಯನ್ನು ಅಧ್ಯಕ್ಷೆಯ ಮುಂದಿಟ್ಟರು.

“ಮುಂದಿನ ವಾರ ನಾನು ಆಡ್ತೀನಿ. ಇವರ ಆಟ ನೋಡಿ ನನ್ನ ಕೈ ತುರಿಸ್ತಿದೆ. ಆದ್ರೆ ತಿಂಗಳಿಗೊಂದು ಸಲ ಇದನ್ನ ನನಗೇ ಕೊಡ್ಬೇಕು, ಈಗ್ಲೇ ಹೇಳಿದೀನಿ.”

ಹಂಚುವ ಸರದಿಗೆ ಜಗಳವಾಡಿದ್ದ ಹೆಂಗಸು, “ಹಾಗಾದ್ರೆ ಮುಂದಿನ ವಾರ ನನಗೆ ಕೊಡಿ, ಮಾಮನ್ನ ಒಂದು ಕೈ ನೋಡ್ಕೋತೀನಿ” ಎಂದಳು. ಅವಳ ಹಿಂದೆಯೇ ಇನ್ನಿಬ್ಬರು ಕೈ ಎತ್ತಿದರು. ಹೀಗೆ ಯಾರೂ ಮುಟ್ಟದಿದ್ದ ಬಿಲ್ಲೆಗೆ ಸರದಿ ಹತ್ತಿತು. ಕನ್ನಡಕದಮ್ಮನಿಗೂ ಭಾವನಿಗೂ ಅದು ಮತ್ತೆ ಬಂದದ್ದು ಬಹಳ ವಾರಗಳಾದ ಮೇಲೆ.

ಅವತ್ತು ಮೂವರೂ ನಡೆದುಕೊಂಡೇ ಮನೆಯ ಕಡೆ ಹೊರಟರು. ಇನ್ನೂ ಬಿಸಿಲಿತ್ತು, ಅಂಗಡಿಯವರು ಪಾದಚಾರಿ ದಾರಿಗೆ ನೀರು ಚಿಮುಕಿಸುತ್ತಿದ್ದರು. ಅಕ್ಕ ಗೆದ್ದ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಮುಂದೆ ಮುಂದೆ ಹೋದಳು. ಕನ್ನಡಕದಮ್ಮ ಭಾವನ ಪಕ್ಕ ಹೆಜ್ಜೆ ಹಾಕುತ್ತ, ಬ್ಯಾಂಕಿನವನು ಎಕ್ಕ ಬಡಿದದ್ದು, ತಾನು ಉಸಿರು ಹಿಡಿದು ಕೂತದ್ದು, ಆಮೇಲೆ ಆ ಬಡಪಾಯಿ ಎಲೆಯನ್ನು ಮೆಲ್ಲಗೆ ಕೆಳಗಿಟ್ಟದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೇಳಿ ಮುಗಿಸಿ, ಸೇದುಬಾವಿಯಷ್ಟು ಆಳದಿಂದ ಒಂದು ಉಸಿರೆಳೆದು, ಮತ್ತೆ ಮೊದಲಿನಿಂದ ಹೇಳಿದಳು. ಆಡುವಾಗ ಎದುರಿಗೇ ಕೂತಿದ್ದ ಭಾವ, “ಹೌದಾ? ಆಮೇಲೆ?” ಎಂದು ಕೇಳುತ್ತಲೇ ಇದ್ದರು.