ಪ್ರೆಸ್ಸಿನ ಎಣ್ಣೆ

ಎಣ್ಣೆಯ ವಿಷಯದಲ್ಲಿ ತನಗೆ ಬುದ್ಧಿ ಹೇಳುವ ಗಂಡಸು ಇಡೀ ಪೀಣ್ಯದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಈಶಪ್ಪ ನಂಬಿಕೊಂಡಿದ್ದ. ಗುಳೇದಗುಡ್ಡದ ಕಡೆಯಿಂದ ಬಂದು ಹದಿನೆಂಟು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಇನ್ನೂರು ಟನ್ನಿನ ಹೈಡ್ರಾಲಿಕ್ ಪ್ರೆಸ್ ನಡೆಸುತ್ತಿದ್ದವನು. ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ, ಇದು ಹಳೆಯದು, ಇದಕ್ಕೆ ನೀರು ಸೇರಿದೆ ಎಂದು ಹೇಳಿಬಿಡುತ್ತಿದ್ದ. ಅಂಥವನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೋದ ಭಾನುವಾರ ಬ್ರೇಕಿನ ಕೆಂಪು ದೀಪ ಹತ್ತಿಕೊಂಡಿತು.

"ಗ್ಯಾರೇಜಿಗೆ ಒಯ್ಯೂಣ್ರಿ" ಎಂದಳು ಹೆಂಡತಿ ಭಾಗ್ಯಶ್ರೀ.

ಈಶಪ್ಪ ನಕ್ಕುಬಿಟ್ಟ. ಬಾನೆಟ್ ಎತ್ತಿ ನೋಡಿದರೆ ಬ್ರೇಕಿನ ಪುಟ್ಟ ಡಬ್ಬಿಯಲ್ಲಿ ಎಣ್ಣೆ ಇಳಿದಿತ್ತು, ಅಷ್ಟೇ. "ಪ್ರೆಸ್ಸೂ ಹೈಡ್ರಾಲಿಕ್ಕ, ಬ್ರೇಕೂ ಹೈಡ್ರಾಲಿಕ್ಕ. ಇನ್ನೂರು ಟನ್ ಒತ್ತೂ ಎಣ್ಣಿ ಈ ಡಬ್ಬಾ ಗಾಡಿ ನಿಲ್ಲಸೂದಿಲ್ಲೇನ?" ಎನ್ನುತ್ತ, ಕಾರ್ಖಾನೆಯಿಂದ ತಂದಿಟ್ಟುಕೊಂಡಿದ್ದ ಬಾಟಲಿ ಬಗ್ಗಿಸಿ ಡಬ್ಬಿ ತುಂಬಿಸಿದ. ದೀಪ ಆರಿತು. ಆ ದಿನವೆಲ್ಲ ಅವನು ಬೀಗುವುದನ್ನು ನೋಡಬೇಕಿತ್ತು.

ಸೋಮವಾರದಿಂದಲೇ ಭಾಗ್ಯಶ್ರೀಯ ದೂರು ಶುರುವಾಯಿತು. ಬ್ರೇಕ್ ಬಿರುಸಾಗಿದೆ ಎಂದಳು. ಮರುದಿನ, ಗಾಡಿಯನ್ನು ಯಾರೋ ಹಿಂದಿನಿಂದ ಜಗ್ಗಿದಂತಾಗುತ್ತದೆ, ಗಾಲಿಯ ಹತ್ತಿರ ಸುಟ್ಟ ವಾಸನೆ ಬರುತ್ತದೆ ಎಂದಳು. ಕಂಪನಿ ಬಸ್ಸಿನಲ್ಲಿ ಓಡಾಡುವ ಈಶಪ್ಪ ಆ ವಾರ ಸ್ಟಿಯರಿಂಗ್ ಮುಟ್ಟಿಯೂ ಇರಲಿಲ್ಲ. ಆದರೂ ಉತ್ತರ ಅವನ ನಾಲಗೆಯ ತುದಿಯಲ್ಲೇ ಇತ್ತು. ಅವಳಿಗೆ ಲೈಸೆನ್ಸ್ ಬಂದು ಆರು ತಿಂಗಳಾಗಿತ್ತಲ್ಲ!

"ನಿನ್ನ ಕಾಲು ಸರಿ ಇಲ್ಲ. ಬ್ರೇಕಿನ ಮ್ಯಾಲೆ ಕಾಲಿಟಗೊಂಡ ಓಡಸ್ತಿ, ವಾಸನಿ ಬರದ ಏನು? ದೀಪ ಹತ್ತೇತೇನ? ಇಲ್ಲಲ್ಲ? ಮತ್ತ!"

ದೀಪ ಹತ್ತಿರಲಿಲ್ಲ. ಅವಳು ತನ್ನ ಬಲಗಾಲನ್ನೇ ನೋಡಿಕೊಂಡಳು.

ಗುರುವಾರ ಬೆಳಿಗ್ಗೆ ಒಂಬತ್ತರ ಚಹಾದ ಹೊತ್ತಿಗೆ ಮೇಂಟೆನೆನ್ಸಿನ ದಾಸಪ್ಪ ಪ್ರೆಸ್ಸಿನ ಬುಡದಲ್ಲಿ ಕೂತು ಹಳೆಯ ರಬ್ಬರ್ ಸೀಲ್ ಕೀಳುತ್ತಿದ್ದ. ಈಶಪ್ಪ ಲೋಟ ಹಿಡಿದು ಪಕ್ಕದಲ್ಲಿ ನಿಂತು, ತಾನು ಗ್ಯಾರೇಜಿನ ಖರ್ಚು ಉಳಿಸಿದ ಕತೆಯನ್ನು ರಸವತ್ತಾಗಿ ಹೇಳಿದ. ದಾಸಪ್ಪ ಕೆಲಸ ನಿಲ್ಲಿಸಿದ.

"ಈ ಎಣ್ಣೆನಾ? ಬ್ರೇಕಿಗೆ ಹಾಕ್ದಾ?"

"ಹೌದು. ಯಾಕ?"

"ಅಯ್ಯೋ ನಿನ್ನ! ಬ್ರೇಕಿನ ಒಳಗಿರೋ ರಬ್ಬರೇ ಬೇರೆ ಕಣೋ. ಈ ಎಣ್ಣೆ ತಾಗಿದ್ರೆ ಊದ್ಕೊಂಡ್ಬಿಡುತ್ತೆ. ಮೊದ್ಲು ಬ್ರೇಕ್ ಗಟ್ಟಿಯಾಗುತ್ತೆ, ಗಾಡಿ ಹಿಡ್ಕೊಂಡಂಗೆ ಓಡುತ್ತೆ, ಚಕ್ರ ಕಾಯುತ್ತೆ. ಆಮೇಲೆ ಒಂದಿನ ಬ್ರೇಕೇ ಇರಲ್ಲ, ಪೆಡಲ್ ಸೀದಾ ನೆಲಕ್ಕೆ. ದೀಪ ಏನ್ ಹೇಳುತ್ತೆ? ಡಬ್ಬಿ ತುಂಬಿದೆಯಲ್ಲ, ಅದು ಹತ್ತೋದೇ ಇಲ್ಲ! ಗಾಡಿ ಎಲ್ಲಿದೆ ಈಗ?"

ಭಾಗ್ಯಶ್ರೀ ಹೇಳಿದ್ದೆಲ್ಲ, ಅವಳು ಹೇಳಿದ ಕ್ರಮದಲ್ಲೇ, ದಾಸಪ್ಪನ ಬಾಯಿಂದ ಬಂದಿತ್ತು. ಈವತ್ತು ಮಗಳು ರಕ್ಷಿತಾಗೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಕೇಂದ್ರ ಯಶವಂತಪುರದಲ್ಲಿ. ತಾಯಿ ಮಗಳಿಬ್ಬರೂ ಮೆಟ್ರೋದಲ್ಲಿ ಹೋಗುತ್ತೇವೆ ಎಂದಿದ್ದರು. ನೂಕುನುಗ್ಗಲಿನಲ್ಲಿ ಯಾಕೆ, ಮನೆಯಲ್ಲಿ ಕಾರಿಟ್ಟುಕೊಂಡು, ಫ್ಲೈಓವರ್ ಹತ್ತಿ ಆರಾಮಾಗಿ ಹೋಗಿ ಎಂದು ಅಪ್ಪಣೆ ಕೊಟ್ಟವನು ಇವನೇ.

ಫೋನ್ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಸ್ಟಿಯರಿಂಗ್ ಹಿಡಿದಾಗ ಫೋನ್ ಮುಟ್ಟಬಾರದು, ಡಿಕ್ಕಿಯಲ್ಲಿ ಹಾಕಿಬಿಡು ಎಂದು ಕಲಿಸಿದವನೂ ಇವನೇ. ಮಗಳ ಫೋನು ಪರೀಕ್ಷೆಯ ದಿನ ಮನೆಯಲ್ಲೇ. ಪಕ್ಕದ ಮನೆಯ ಶ್ಯಾಮಲಾಗೆ ಮಾಡಿದ. "ಹೊರಟು ಹತ್ತು ನಿಮಿಷ ಆಯ್ತಲ್ಲಣ್ಣ" ಎಂದಳು ಆಕೆ.

"ನಡಿ, ನಡಿ, ಬೈಕ್ ತೆಗಿ" ಎಂದು ದಾಸಪ್ಪನ ಅಂಗಿ ಹಿಡಿದೆಳೆದ ಈಶಪ್ಪ. ಚಹಾದ ಲೋಟ ಎಲ್ಲಿಟ್ಟನೋ ಅವನಿಗೇ ತಿಳಿಯಲಿಲ್ಲ.

ತುಮಕೂರು ರಸ್ತೆ ಎಂದಿನಂತೆ ಗಿಜಿಗಿಜಿ. ದಾಸಪ್ಪ ಲಾರಿಗಳ ಸಂದಿಯಲ್ಲಿ ಬೈಕು ತೂರಿಸುತ್ತಿದ್ದ. ಮೇಲೆ ಫ್ಲೈಓವರಿನ ಹೊಟ್ಟೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಲ್ಲೇ ತಲೆಯ ಮೇಲೆಯೇ ಎಲ್ಲೋ ಅವರಿಬ್ಬರೂ ಹೋಗುತ್ತಿದ್ದಾರೆ, ಇವನು ಕೂಗಿದರೆ ಕೇಳುವುದಿಲ್ಲ. ಮೇಲೆ ಸಿಗ್ನಲ್ ಇಲ್ಲ, ಬ್ರೇಕಿನ ಕೆಲಸ ಕಡಿಮೆ. ಆದರೆ ಗೊರಗುಂಟೆಪಾಳ್ಯದಲ್ಲಿ ಇಳಿಜಾರು. ಇಳಿದ ಕೂಡಲೇ ಸಿಗ್ನಲ್ಲಿಗೆ ನಿಂತ ಗಾಡಿಗಳ ರಾಶಿ. ಈಶಪ್ಪನಿಗೆ ಅಳು ಒತ್ತರಿಸಿ ಬಂತು. ತಾಯಿ ಬನಶಂಕರಿ, ನನ್ನ ಕಾಲು ಮುರಿ, ನನ್ನ ಕಣ್ಣು ತೆಗಿ, ಅವರನ್ನ ಬಿಟ್ಟುಬಿಡು ಎಂದು ದಾಸಪ್ಪನ ಬೆನ್ನಿಗೆ ಹಣೆಯಿಟ್ಟು ಗೊಣಗುತ್ತಲೇ ಇದ್ದ. ಫೋನು ಕಿವಿಯಲ್ಲಿ ರಿಂಗಾಗುತ್ತಲೇ ಇತ್ತು.

ಗೊರಗುಂಟೆಪಾಳ್ಯದಲ್ಲಿ ಫ್ಲೈಓವರಿನಿಂದ ಗಾಡಿಗಳು ಇಳಿಯುತ್ತಿರಲಿಲ್ಲ. ಮೇಲಿಂದ ಹಾರನ್ನು ಮಾತ್ರ ಕೇಳುತ್ತಿತ್ತು. ಈಶಪ್ಪ ಬೈಕಿನಿಂದ ಹಾರಿ ಇಳಿಜಾರನ್ನು ಎದುರಾಗಿ ಓಡಿ ಹತ್ತಿದ.

ಕಾರು ಎಡಗೋಡೆಗೆ ಒರಗಿ ನಿಂತಿತ್ತು. ಹಿಂದೆ ಎಷ್ಟೋ ಮಾರು ಉದ್ದಕ್ಕೆ ಗೋಡೆಯ ಮೇಲೆ ಅದರ ನೀಲಿ ಬಣ್ಣ ಗೀಚಿಕೊಂಡಿತ್ತು. ಎಡಬದಿಯ ಬಾಗಿಲುಗಳು ಒಳಕ್ಕೆ ಹೋಗಿದ್ದವು. ಭಾಗ್ಯಶ್ರೀ ರಸ್ತೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ರಕ್ಷಿತಾ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು. ಅದು ಊದಿ ಸೊಟ್ಟಗಾಗಿತ್ತು. ಮಡಿಲಲ್ಲಿ ಹಾಲ್ ಟಿಕೆಟ್ ಇತ್ತು. ಇಬ್ಬರೂ ಬದುಕಿದ್ದರು. ಈಶಪ್ಪ ಅವರ ಮುಂದೆ ಕುಸಿದು ಕೂತುಬಿಟ್ಟ.

"ಲೇಡೀಸ್ ಡ್ರೈವಿಂಗ್ ಸಾರ್, ಬ್ರೇಕ್ ಯಾವ್ದು ಆಕ್ಸಿಲರೇಟರ್ ಯಾವ್ದು ಗೊತ್ತಿರಲ್ಲ" ಎಂದು ಬೈಕಿನವನೊಬ್ಬ ಟ್ರಾಫಿಕ್ ಪೊಲೀಸನಿಗೆ ವಿವರಿಸುತ್ತಿದ್ದ. ಪೊಲೀಸ್ ಲೈಸೆನ್ಸ್ ಕೇಳಿದ.

ಭಾಗ್ಯಶ್ರೀ ಕೊಟ್ಟಳು. "ನಂದ ತಪ್ಪರೀ ಸರ. ಬ್ರೇಕ್ ಒತ್ತಿದೆ, ಕಾಲು ನೆಲಕ್ಕ ಹೋತು. ಗೇರ್ ಇಳಿಸಿದೆ, ಹ್ಯಾಂಡ್‌ಬ್ರೇಕ್ ಜಗ್ಗಿದೆ, ನಿಲ್ಲಲಿಲ್ಲ. ಮುಂದ ಸ್ಕೂಟರ್ ಮ್ಯಾಲೆ ಕೂಸಿತ್ರಿ, ಅದಕ್ಕ ಗ್ವಾಡಿಗೆ ತಿಕ್ಕಿಬಿಟ್ಟೆ." ಆಮೇಲೆ ಗಂಡನನ್ನು ನೋಡಿ ಅತ್ತಳು. "ನೀವು ಹೇಳಿದ್ದು ಖರೆ ಐತ್ರಿ. ನನಗ ಓಡಸಾಕ ಬರೂದಿಲ್ಲ. ಮಗಳ ಪರೀಕ್ಷಾ ಬರಿಯೂ ಕೈ ಮುರಿದೆ."

ಪೊಲೀಸ್ ತಲೆಯಾಡಿಸಿದ. ಸುತ್ತ ನಿಂತವರೂ ತಲೆಯಾಡಿಸಿದರು. ಈಶಪ್ಪ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಳಿಗೆ ಅವನು ಸುಮ್ಮನಿದ್ದದ್ದೂ ಹೌದು. ಗೋಡೆಯ ಮೇಲಿನ ಆ ನೀಲಿ ಗೆರೆ ಎಷ್ಟು ಉದ್ದವಿದೆ ಎಂದು ನೋಡಿದ. ಅಷ್ಟೂ ದೂರ ಇವಳು ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

"ಆಕಿದು ತಪ್ಪಿಲ್ರೀ ಸರ" ಎಂದ. "ಬ್ರೇಕಿಗೆ ನಾ ಪ್ರೆಸ್ಸಿನ ಎಣ್ಣಿ ಹಾಕೇನ್ರಿ. ಅದು ರಬ್ಬರ್ ತಿಂದೇತಿ. ಬರಕೊಳ್ರಿ, ನನ್ನ ಹೆಸರು ಬರಕೊಳ್ರಿ. ಆಕಿ ನಾಕ್ ದಿನದಿಂದ ಹೇಳಾಕತ್ತಿದ್ಲು. ಆಕಿ ಕಾಲು ಸರಿ ಐತ್ರಿ."

ಬೈಕಿನವನು ಮೆಲ್ಲಗೆ ಹಿಂದೆ ಸರಿದ. ದಾಸಪ್ಪ ಆಟೊ ತರಲು ಕೆಳಗೆ ಓಡಿದ. ರಕ್ಷಿತಾ ತಂದೆಯತ್ತ ನೋಡಲಿಲ್ಲ.

ಭಾಗ್ಯಶ್ರೀಯ ಅಳು ನಿಂತುಬಿಟ್ಟಿತು. ಅವಳು ಬಯ್ಯಲಿಲ್ಲ, ಬಯ್ದಿದ್ದರೆ ಈಶಪ್ಪ ಹೇಗೋ ತಾಳಿಕೊಳ್ಳುತ್ತಿದ್ದ. ಚಪ್ಪಲಿ ಕಳೆದುಕೊಂಡ ತನ್ನ ಬಲಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ನೋಡುತ್ತ ಕೂತಳು.

"ನೀವು ಮಕ್ಕೊಂಡ ಮ್ಯಾಲೆ," ಎಂದಳು, "ದಿನಾ ಗ್ವಾಡಿಗೆ ಕಾಲು ಒತ್ತಿ ಒತ್ತಿ ಬ್ರೇಕ್ ಹಿಡಿಯೂದು ಕಲ್ಯಾಕತ್ತಿದ್ನೆಲ್ರೀ."