ವಾಸನೆಯ ಕಾಲಂ

ಹೊರದೇಶದಿಂದ ಬಂದ ಬಟ್ಟೆ ಉಣ್ಣೆಯೋ, ಹತ್ತಿಯೋ, ಕೃತಕ ನೂಲೋ ಎಂದು ಹೇಳುವುದು ಸುಂಕದ ಕಚೇರಿಯ ಆ ಪರೀಕ್ಷಕಿಯ ಕೆಲಸ. ಸುಂಕದ ದರ ನಿಲ್ಲುವುದೇ ಅದರ ಮೇಲೆ. ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಬೆಂಕಿಗೆ ಒಡ್ಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಹದಿನೆಂಟು ವರ್ಷ ಅವಳ ಮೂಗು ಒಮ್ಮೆಯೂ ತಪ್ಪಿರಲಿಲ್ಲ.

ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂದಿನಿಂದ ಅವಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಸೋಪು, ಹೊಗೆ, ಅವನ ಅಂಗಿ, ಎಲ್ಲವೂ ಒಂದೇ. ಅಳುವೂ ಬಂದಿರಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಈ ಮೇಜು ಹೋಗಿ ಕಡತದ ಕೋಣೆ ಸಿಗುತ್ತಿತ್ತು. ಬೆಳಿಗ್ಗೆ ಅವಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಮೇಜೊಂದೇ.

ದಿನ ತಳ್ಳಿದ್ದು ‘ರೇಡಿಯೊ’ನ ದೆಸೆಯಿಂದ. ನಿವೃತ್ತಿಯ ಅಂಚಿನ ಜವಾನ. ಬಾಯಿಗೆ ಬೀಗವಿಲ್ಲವೆಂದು ಕಚೇರಿಯವರು ಇಟ್ಟ ಹೆಸರು. ಎಳೆ ಹೊತ್ತಿಕೊಂಡೊಡನೆ ಪಕ್ಕಕ್ಕೆ ಬಂದು, “ಥೂ, ಕ್ಷೌರದಂಗಡಿಗೆ ಬೆಂಕಿ ಬಿತ್ತಾ?” ಎನ್ನುತ್ತಿದ್ದ. ಇಲ್ಲವೆಂದರೆ, “ಯಾರೋ ಹಳೇ ಪೇಪರ್ ಸುಡ್ತಿದಾರೆ ನೋಡಿ.” ಆ ವಟವಟ ಕೇಳಿಸಿಕೊಂಡೇ ಅವಳು ಚೀಟಿಯ ‘ವಾಸನೆ’ ಕಾಲಂ ತುಂಬುತ್ತಿದ್ದಳು.

ಆ ದಿನ ಅವನು ಟಪಾಲು ಕೊಡಲು ಹೋಗಿದ್ದ. ವ್ಯಾಪಾರಿಯೊಬ್ಬ ಉಣ್ಣೆಯೇ ಹೆಚ್ಚೆಂದು ಬರೆದುಕೊಟ್ಟ ಕಂಬಳಿಗಳು ಮೇಜಿನ ಮೇಲಿದ್ದವು. ಎಳೆ ಸುಟ್ಟಳು. ತುದಿಯಲ್ಲಿ ಕಪ್ಪು ಮಣಿ. ‘ಕೃತಕ ನೂಲು. ವಾಸನೆ: ಪ್ಲಾಸ್ಟಿಕ್’ ಎಂದು ಬರೆದಳು.

ಎದುರಿಗೆ ನಿಂತು ಚೀಟಿ ಓದಿದ ವ್ಯಾಪಾರಿಯ ಮುಖ ಬಿಳಚಿಕೊಂಡಿತು. “ಏನಮ್ಮಾ ಇದು! ಚೂರು ಬೆರಕೆ ಇದೆ, ಅದನ್ನೂ ಬರೆದಿದೀನಿ. ಮುಕ್ಕಾಲು ಪಾಲು ಉಣ್ಣೇನೇ. ಕೂದಲು ಸುಟ್ಟ ನಾತ ರೂಮೆಲ್ಲ ತುಂಬಿದೆ, ನಿಮ್ಮ ಮೂಗಿಗೆ ಬಡೀತಿಲ್ವಾ? ಸುಳ್ಳು ಹೇಳ್ದೆ ಅಂತ ಮಾಲು ಹಿಡಿದಿಟ್ರೆ ನಾನು ಮುಳುಗಿಹೋಗ್ತೀನಿ.”

ಅಷ್ಟರಲ್ಲಿ ರೇಡಿಯೊ ಒಳಗೆ ಬಂದ. ಗಾಳಿ ಮೂಸಿದ, ಚೀಟಿ ನೋಡಿದ.

“ಮೇಡಂಗೆ ನೆಗಡಿ ಸ್ವಾಮಿ,” ಎಂದ. “ಹೊರಗೆ ಕೂತ್ಕೊಳ್ಳಿ. ಲ್ಯಾಬ್‌ಗೆ ಕಳಿಸಿದ್ರೆ ಯಾವ ನೂಲು ಎಷ್ಟು ಅಂತ ತೂಗಿ ಹೇಳ್ತಾರೆ.”

ವ್ಯಾಪಾರಿ ಹೋದ ಮೇಲೆ ಅವಳು ಕೇಳಿದಳು: “ನಿಮಗೆ ಯಾವಾಗಿಂದ ಗೊತ್ತು?”

“ಯಜಮಾನ್ರು ಹೋದ ಮೇಲೆ ನೀವು ಕೆಲಸಕ್ಕೆ ಬಂದ ಮೊದಲ ವಾರದಿಂದ. ಅವತ್ತು ನಿಮ್ಮ ಡಬ್ಬಿ ಊಟ ಹಳಸಿ, ಆ ಮೂಲೆಗೂ ನಾತ ಬರ್ತಿತ್ತು. ನೀವು ಸುಮ್ನೆ ಉಂಡ್ರಿ.” ಅವನು ಚಿಮುಟ ಒರೆಸಿದ. “ನೆಗಡಿ ಅಂತ ಬರೀರಿ. ಯಾರು ಕೇಳ್ತಾರೆ?”

“ನಾಳೆ ನೀವಿಲ್ಲದಾಗ ಇಂಥ ಇನ್ನೊಬ್ಬ ವ್ಯಾಪಾರಿ ಬರ್ತಾನಲ್ಲ.”

ಹಳೆಯ ಚೀಟಿ ಹರಿದಳು. ಹೊಸದರಲ್ಲಿ ಮಾಲನ್ನು ಲ್ಯಾಬಿಗೆ ಕಳಿಸಲು ಬರೆದು, ವಾಸನೆಯ ಕಾಲಂನಲ್ಲಿ ‘ಮೂರು ತಿಂಗಳಿಂದ ನನಗೆ ತಿಳಿಯುತ್ತಿಲ್ಲ’ ಎಂದು ಸೇರಿಸಿದಳು.

ಮೇಲಧಿಕಾರಿ ಅದನ್ನು ಎರಡು ಸಲ ಓದಿದರು. “ಸೋಮವಾರದಿಂದ ಕಡತದ ಕೋಣೇಲಿ ಇರಿ ಅಮ್ಮಾ,” ಎಂದರು ಮೆಲ್ಲಗೆ. ಅವಳು ಆಗಲಿ ಎಂದಳು. ದುಃಖವೂ ಆಗಲಿಲ್ಲ, ಮನಸ್ಸು ಹಗುರವೂ ಆಗಲಿಲ್ಲ.

ಊಟದ ಹೊತ್ತಿಗೆ ಮೇಜಿಗೆ ಮರಳಿ ಡಬ್ಬಿ ತೆರೆದಳು. ರೇಡಿಯೊ ಬಂದು, ಅವಳು ಕೇಳದಿದ್ದರೂ, ಬಗ್ಗಿ ಮೂಸಿ ನೋಡಿದ.

“ಚೆನ್ನಾಗಿದೆ. ಉಣ್ಣಮ್ಮಾ,” ಎಂದ.

ಅವಳು ಉಂಡಳು.