ಬನ್ನಿಗೊಂದು ಅರ್ಜಿ

ತಮ್ಮನ ಪ್ಯಾಂಟಿಗೆ ಆ ವಾರ ಮೂರನೆಯ ಸಲ ಗುಂಡಿ ಹೊಲಿಯುತ್ತಿದ್ದೆ. ದಾರವನ್ನು ಹಲ್ಲಿನಿಂದ ಕಡಿಯುವಷ್ಟರಲ್ಲಿ ಅವನೇ ಒಳಗೆ ಬಂದ, ಮೈಯೆಲ್ಲ ಸೋಪಿನ ನೊರೆ.

"ಸಿಕ್ಕಿಹಾಕ್ಕೊಂಡೆ ಅಕ್ಕಾ," ಎಂದ.

ಅವನು ನೀರಿನ ಕಚೇರಿಯಲ್ಲಿ ಟ್ಯಾಂಕು ತೊಳೆಯುವವನು. ಮೇಲಿನ ದುಂಡನೆಯ ಬಾಯಿಯಿಂದ ಇಳಿದು, ಪಾಚಿ ಉಜ್ಜಿ, ಮತ್ತೆ ಹತ್ತಿ ಬರುವುದು ಕೆಲಸ. ಆ ದಿನ ಅವನ ಹೊಟ್ಟೆ ಆ ಬಾಯಿಗೆ ಬಿರಡೆ ಹಾಕಿದಂತೆ ಕೂತುಬಿಟ್ಟಿತ್ತು. ಜೊತೆಯವರು ಸೋಪಿನ ನೀರು ಸುರಿದು ಎಳೆದರಂತೆ. ಹಿಂದೆಯೇ ಕಚೇರಿಯಿಂದ ಕಾಗದ ಬಂತು: ಟ್ಯಾಂಕಿಗೆ ಇಳಿಯಬಲ್ಲೆ ಎಂದು ಮೂರು ತಿಂಗಳೊಳಗೆ ಬರೆದು ಅಂಚೆಗೆ ಹಾಕಬೇಕು, ಇಲ್ಲದಿದ್ದರೆ ಗೇಟು ಕಾಯುವ ಕುರ್ಚಿ.

ಕುರ್ಚಿ ಸಿಕ್ಕರೆ ಬೇರೆಯವರು ಕುಣಿದಾಡುತ್ತಾರೆ. ಇವನು ಅತ್ತ. ಅವನಿಗೆ ಹಾಡುವ ಹುಚ್ಚು. ಹೊರಗೆ ಹಾಡಿದರೆ ಹೆಂಡತಿಯೇ ಕಿಟಕಿ ಮುಚ್ಚುತ್ತಾಳೆ. ಖಾಲಿ ಟ್ಯಾಂಕಿನೊಳಗೆ ಹಾಡಿದರೆ ಮಾತ್ರ ಅವನ ದನಿಗೆ ಮರ್ಯಾದೆ.

ಇಳಿಯಬಲ್ಲೆ ಎಂದು ಅಂದೇ ಉತ್ತರ ಬರೆದು, ಲಕೋಟೆ ಅಂಟಿಸಿ ನನ್ನ ಕೈಗೆ ಕೊಟ್ಟ. "ಸುಳ್ಳು ಕಳಿಸೋಕೆ ಆಗಲ್ಲ. ನಿಜ ಆದ ದಿನ ಡಬ್ಬಿಗೆ ಹಾಕಿಬಿಡು." ಟ್ಯಾಂಕಿನ ಬಾಯಿಯ ಅಳತೆಗೆ ಕಬ್ಬಿಣದ ಬಳೆಯೊಂದನ್ನೂ ಮಾಡಿಸಿ ತಂದ.

ಕಷ್ಟವಿದ್ದದ್ದು ಎದುರಿನ ಬೇಕರಿಯಲ್ಲಿ. ಬನ್ನಿನ ವಾಸನೆ ಬಂದರೆ ತಮ್ಮನ ಕಾಲು ಅವನನ್ನು ಕೇಳದೆ ರಸ್ತೆ ದಾಟುತ್ತಿತ್ತು. ನಾನು ಮೂವತ್ತು ವರ್ಷ ಕಡತಗಳ ಕೋಣೆಯಲ್ಲಿ ದುಡಿದವಳು. ಎಂಥ ಆತುರದ ಕೆಲಸವೂ ಮೂರು ಮೇಜು ದಾಟುವಷ್ಟರಲ್ಲಿ ತಣ್ಣಗಾಗುವುದನ್ನು ಕಂಡವಳು.

"ತಿನ್ನಬೇಡ ಅನ್ನಲ್ಲ ಕಣೋ," ಎಂದೆ. "ಅರ್ಜಿ ಹಾಕು."

ಮೊದಲ ಅರ್ಜಿ: ಒಂದು ಬನ್ನು, ತುರ್ತು. ಪುಸ್ತಕವೊಂದರಲ್ಲಿ ದಾಖಲಿಸಿ ನಂಬರು ಕೊಟ್ಟೆ. ಅಡುಗೆಮನೆಯ ಕಟ್ಟೆಯೇ ಅವನ ಹೆಂಡತಿಯ ಮೇಜು. ಅವಳು "ಬೆಣ್ಣೆ ಸಹಿತವೋ ರಹಿತವೋ?" ಎಂದು ಬರೆದು ಹಿಂದಿರುಗಿಸಿದಳು. ಅವನು ವಿವರಣೆ ಕೊಟ್ಟ. ಮೂರನೆಯ ದಿನ ಮಂಜೂರಾತಿ ಹೊರಬಿದ್ದಾಗ ಆಸೆ ಎಲ್ಲಿ ಹೋಗಿತ್ತೋ. ಬರಬರುತ್ತ ತಮ್ಮನೂ ಪಳಗಿದ. ಗುರುವಾರ ಬರಬಹುದಾದ ಹಸಿವಿಗೆ ಸೋಮವಾರವೇ ಅರ್ಜಿ ಗುಜರಾಯಿಸಿದ. ಗುರುವಾರ ಹಸಿವು ಹಾಜರಾಗಲಿಲ್ಲ. ಯಾಕೆಂದು ಕಾರಣ ಕೇಳಿ ನಾವು ನೋಟಿಸು ಕೊಟ್ಟೆವು. ಉತ್ತರ ಯೋಚಿಸುತ್ತ ಅವನು ಬೀದಿಯನ್ನು ಎಂಟು ಸುತ್ತು ಹಾಕಿ ಬಂದ, ವ್ಯಾಯಾಮವೂ ಆಯಿತು.

ಬೇಕರಿಯವನು ಬಿಸಿ ತಟ್ಟೆ ಹಿಡಿದು ಬಾಗಿಲಿಗೇ ಬಂದ. "ಅಮ್ಮಾ, ನಿಮ್ಮ ಕಡತ ಬರೋ ಹೊತ್ತಿಗೆ ನನ್ನ ಬನ್ನು ಕಲ್ಲಾಗಿರುತ್ತೆ!"

"ಆಗಲಿ ಬಿಡಪ್ಪ. ಕಲ್ಲನ್ನ ಯಾರೂ ಆಸೆಪಟ್ಟು ತಿನ್ನಲ್ಲ."

"ಹಾಗಾದ್ರೆ ಅವರ ಪರವಾಗಿ ನಾನೇ ಅರ್ಜಿ ಹಾಕ್ತೀನಿ."

ಹಾಕಿದ. ಹಸಿವು ಅರ್ಜಿದಾರರದ್ದಲ್ಲವೆಂದು ತಿರಸ್ಕರಿಸಿದೆವು.

ಗಡುವಿನ ಕಡೆಯ ದಿನ ಮಧ್ಯಾಹ್ನ ತಮ್ಮ ಕೈ ಮೇಲೆತ್ತಿ ನಿಂತ. ಬಳೆ ತಲೆ, ಭುಜ, ಎದೆ ದಾಟಿತು. ಹೊಟ್ಟೆಯ ಹತ್ತಿರ ಸ್ವಲ್ಪ ಯೋಚಿಸಿತು. ಆಮೇಲೆ ಠಣ್ಣೆಂದು ಕಾಲಬುಡಕ್ಕೆ ಬಿತ್ತು.

"ಅಕ್ಕಾ, ಕಾಗದ! ನಾಲ್ಕಕ್ಕೆ ಡಬ್ಬಿ ತೆಗೀತಾರೆ!"

ಪುಸ್ತಕ ತೆರೆದೆ. ಅಭ್ಯಾಸಬಲದಿಂದ ಆ ಕಾಗದಕ್ಕೂ ನಂಬರು ಬಿದ್ದು, ಅದು ಬನ್ನುಗಳ ಜೊತೆ ಸಾಲಿನಲ್ಲಿ ನಿಂತಿತ್ತು.

"ಇದರ ನಂಬರಿನ ಮುಂದೆ ಷರಾ ಇದೆಯಲ್ಲೋ. ಬಳೆ ದಾಟಿದ್ದಕ್ಕೆ ಪುರಾವೆ ಲಗತ್ತಿಸಿ ಅಂತ."

"ನಾನೇ ಲಗತ್ತು ಕಣಕ್ಕಾ! ನೋಡು!"

"ಅದನ್ನ ಬರೆದು ಕೊಡು. ಮೂರು ದಿನದಲ್ಲಿ..."

"ಷರಾ ಬರೆದೋಳು ನಾನೇ, ಹೊಡೆದು ಹಾಕಿ ಅಕ್ಕಾ," ಎಂದಳು ಅವನ ಹೆಂಡತಿ ಒಳಗಿನಿಂದ.

ಹೊಡೆದು ಹಾಕುವುದಕ್ಕೂ ಒಂದು ಅರ್ಜಿ ಬೇಕೆಂದು ನನ್ನ ಬಾಯಿಗೆ ಬಂತು. ಅಷ್ಟರಲ್ಲಿ ತಮ್ಮ ಗೋಡೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಹಾಡತೊಡಗಿದ. ನಮ್ಮ ಪುಟ್ಟ ಕೋಣೆಯಲ್ಲಿ ಅದು ಬಹಳ ಕೆಟ್ಟದಾಗಿ ಕೇಳಿಸಿತು. ಕಾಗದ ಹೋಗದಿದ್ದರೆ ಇನ್ನು ಜೀವಮಾನವೆಲ್ಲ ಅವನು ಗೇಟಿನ ಬಳಿ ಹೀಗೆಯೇ ಹಾಡಬೇಕು.

ಪುಸ್ತಕದಲ್ಲಿ ಏನೂ ಬರೆಯದೆ ಲಕೋಟೆ ಎತ್ತಿಕೊಂಡು ಓಡಿದೆ, ಚಪ್ಪಲಿ ಅದಲುಬದಲು. ತಮ್ಮ ಹಿಂದೆಯೇ ಓಡಿ ಬಂದ. ಅಂಚೆಡಬ್ಬಿಯ ಮುಂದೆ ನನ್ನ ಕೈ ಮತ್ತೆ ನಿಂತಿತು.

"ಅಂಟು ಒಣಗಿದೆಯಾ ನೋಡೋ."

"ಮೂರು ತಿಂಗಳಾಯ್ತಲ್ಲ ಅಕ್ಕಾ!" ಎಂದು ಅವನು ನನ್ನ ಕೈಯನ್ನೇ ಹಿಡಿದು ಲಕೋಟೆಯನ್ನು ಒಳಗೆ ತಳ್ಳಿದ.